ಜೋಕಾಲಿ ಮೇಸ್ತ್ರಿಯ ತೂಕ

ಬೀದಿಯವರಿಗೆಲ್ಲ ಅವನು ಜೋಕಾಲಿ ಮೇಸ್ತ್ರಿ. ಟೈರ್ ಅಂಗಡಿಗೂ ಬಣ್ಣದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ತಗಡಿನ ಶೆಡ್ಡು ಅವನದು. ಗಾಡಿಗಳ ನೆತ್ತಿಯ ಮೇಲೆ ಅಡ್ಡಕಂಬಿ ಕೂರಿಸುವುದು ಅವನ ಕೆಲಸ. ಅದಕ್ಕೆ ಲೋಡ್ ಬಾರ್ ಅನ್ನುತ್ತಾರೆ. ಏಣಿ ಸಾಗಿಸುವ ಪೇಂಟರು, ಪೈಪು ಹೊರುವ ಪ್ಲಂಬರು, ಈಚೆಗೆ ಗಾಡಿಯ ತಲೆಯ ಮೇಲೆ ಟೆಂಟು ಬಿಚ್ಚಿ ಮಲಗುವ ಹುಚ್ಚು ಹಿಡಿಸಿಕೊಂಡವರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಎರಡು ಕಂಬಿ, ನಾಲ್ಕು ಕಾಲು, ಒಂದು ಹಿಡಿ ಬೋಲ್ಟು, ಅದರಲ್ಲೇನು ಮಹಾ ಎಂದು ಮೂಗು ಮುರಿಯಬೇಡಿ. ಆ ಟೆಂಟಿನೊಳಗೆ ಮಲಗುವವರು ಜೀವವಿರುವ ಮನುಷ್ಯರು. ಒಂದು ಬೋಲ್ಟು ಕೈಕೊಟ್ಟರೆ ಅವರು ಬೀಳುವುದು ಮಂಚದಿಂದಲ್ಲ, ಆಳೆತ್ತರದಿಂದ.

ಬೇರೆ ಶೆಡ್ಡುಗಳಲ್ಲಿ ಬೋಲ್ಟು ಬಿಗಿದು ಕೈ ಒರೆಸಿಕೊಂಡರೆ ಕೆಲಸ ಮುಗಿಯಿತು. ಮೇಸ್ತ್ರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಕಂಬಿಯ ತುದಿಯನ್ನು ಎರಡು ಕೈಯಲ್ಲೂ ಹಿಡಿದು, ಮೊಣಕಾಲು ಮಡಚಿ ಜೋತುಬೀಳುತ್ತಿದ್ದ. ಸುಮ್ಮನೆ ಜೋತುಬಿದ್ದರೆ ಸಾಲದು, ಹಿಂದಕ್ಕೂ ಮುಂದಕ್ಕೂ ತೂಗಬೇಕು. ಆಗ ಅವನದು ಆನೆಮರಿಯಂಥ ಮೈ. ಗಾಡಿ ಕಿರ್‌ ಎಂದು ಅವನ ಕಡೆಗೆ ವಾಲುತ್ತಿತ್ತು. "ನನ್ನನ್ನ ಹೊತ್ತಿದೆ ಅಂದ್ಮೇಲೆ ನಿಮ್ಮ ಇಡೀ ಸಂಸಾರಾನ ಹೊರುತ್ತೆ. ಹೋಗ್ಬನ್ನಿ," ಎಂದು ಕೈ ಕೊಡವಿಕೊಂಡರೆ ಅದೇ ಗ್ಯಾರಂಟಿ. ಗಿರಾಕಿಗಳು ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಹೀಗಿದ್ದವನ ಹೊಟ್ಟೆಯಲ್ಲಿ ಹೋದ ವರ್ಷ ಒಂದು ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಮೈ ಹಿಂಡುವ ಔಷಧಿಗಳಾದವು. ಒಬ್ಬಳೇ ಮಗಳು. ಆಫೀಸುಗಳಿಗೂ ಹೋಟೆಲುಗಳಿಗೂ ಹೂಕುಂಡ, ಗಿಡ ಸಾಗಿಸಿ ಬದುಕುವವಳು. ಅವಳು ಪಿಕಪ್ಪನ್ನು ಮನೆ ಮುಂದೆ ನಿಲ್ಲಿಸಿ, ಕೆಲಸಕ್ಕೆ ಬೀಗ ಹಾಕಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಪಿಕಪ್ಪಿನಲ್ಲೇ ದೂರ ದೂರ ಸುತ್ತಿ ಬರುವುದೆಂದು ಇಬ್ಬರೂ ದಾರಿ ಗುರುತು ಹಾಕಿಟ್ಟಿದ್ದರು. ಅದೆಲ್ಲ ಗಾಳಿಗೆ ಹೋಯಿತು. ಅವಳು ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಮೇಸ್ತ್ರಿಯ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು. ಮಗಳು ಬೆಂಚಿನ ಮೇಲೆ ಮುದುರಿಕೊಂಡು ನಿದ್ದೆ ಮಾಡುತ್ತಿದ್ದದ್ದು ಅವನ ಕಣ್ಣಿಗೆ ಕಟ್ಟಿದಂತೆ ಉಳಿದುಬಿಟ್ಟಿತು.

ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದ್ದರು. "ಊಟ ಸರಿಯಾಗಿ ಮಾಡ್ತಿದ್ರೂ ತೂಕ ಇಳೀತಾ ಇದ್ರೆ ಕಾಯ್ಬೇಡಿ, ತಕ್ಷಣ ಬನ್ನಿ." ಮೇಸ್ತ್ರಿಯ ಹೆಂಡತಿ ಅವತ್ತೇ ತೂಕದ ಯಂತ್ರ ತಂದು ಬಚ್ಚಲುಮನೆಯ ಬಾಗಿಲಲ್ಲಿಟ್ಟಳು. ಪ್ರತಿ ಭಾನುವಾರ ಗಂಡನನ್ನು ಅದರ ಮೇಲೆ ಹತ್ತಿಸಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುವುದು ಅವಳ ಪಾಲಿನ ಕೆಲಸವಾಯಿತು.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಪ್ಯಾಂಟು ಸೊಂಟದಿಂದ ಜಾರತೊಡಗಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದ. ಭಾನುವಾರ ಬರುವಷ್ಟರಲ್ಲಿ ಅದರ ಪಕ್ಕ ಇನ್ನೊಂದು. ಊಟ ಎಂದಿನಂತೆಯೇ ಇತ್ತು, ಮೈ ಮಾತ್ರ ಕರಗುತ್ತಿತ್ತು. ಅವನಿಗೆ ಅರ್ಥವಾಗಲಿಲ್ಲವೇ? ಚೆನ್ನಾಗಿಯೇ ಅರ್ಥವಾಯಿತು. ತಕ್ಷಣ ಡಾಕ್ಟರ ಹತ್ತಿರ ಓಡಬೇಕಿತ್ತೋ ಬೇಡವೋ, ನೀವೇ ಹೇಳಿ. ಓಡಲಿಲ್ಲ ಪುಣ್ಯಾತ್ಮ!

ಯಾಕೆಂದರೆ ಸರಿಯಾಗಿ ಅದೇ ವಾರ ಮಗಳು ಕುಣಿಯುತ್ತ ಬಂದಿದ್ದಳು. "ಅಪ್ಪಾ, ಈ ಸಲ ಹೋಗೇ ಹೋಗ್ತೀವಿ! ಇವ್ರು ಟೆಂಟ್ ಬುಕ್ ಮಾಡ್ಬಿಟ್ಟಿದ್ದಾರೆ. ಗಾಡಿ ಮೇಲೆ ಹಾಕೋದು. ಲೋಡ್ ಬಾರ್ ನೀನೇ ಕೂರಿಸ್ಬೇಕು, ಬೇರೆ ಯಾರ ಹತ್ರಾನೂ ನಾನು ಹೋಗಲ್ಲ." ಅವಳ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತೋ. ಮೇಸ್ತ್ರಿ ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಮೊದಲು ಇವಳು ಹೊರಡಲಿ. ಗಾಡಿ ಬೀದಿಯ ತಿರುವು ದಾಟಿದ ಮರುದಿನವೇ ಡಾಕ್ಟರ ಮುಂದೆ ಹೋಗಿ ನಿಲ್ಲುತ್ತೇನೆ. ಅಲ್ಲಿಯವರೆಗೆ ಯಾರಿಗೂ ಸುಳಿವು ಸಿಗಕೂಡದು. ಸಿಕ್ಕರೆ ಅವಳು ಮತ್ತೆ ಅದೇ ಬೆಂಚಿನ ಮೇಲೆ ಬಂದು ಕೂರುತ್ತಾಳೆ.

ಸುಳಿವು ಮುಚ್ಚುವುದು ಹೇಗೆ? ಉಪಾಯ ಪಕ್ಕದ ಟೈರ್ ಅಂಗಡಿಯಲ್ಲೇ ಇತ್ತು. ಚಕ್ರ ಓಲಾಡದಿರಲಿ ಎಂದು ರಿಮ್ಮಿಗೆ ಅಂಟಿಸುತ್ತಾರಲ್ಲ, ಸೀಸದ ಪುಟ್ಟ ಬಿಲ್ಲೆಗಳು, ಹಿಂದೆ ಅಂಟು ಇರುವಂಥವು. ಹಳೆಯ ಚಕ್ರಗಳಿಂದ ಕಿತ್ತು ಹಾಕಿದವು ಅಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತಿದ್ದವು. ಮೇಸ್ತ್ರಿ ಹಿಡಿ ಹಿಡಿ ಕೇಳಿ ತಂದ. ಸೊಂಟನೋವಿಗೆ ಕಟ್ಟಿಕೊಳ್ಳುವ ಅಗಲವಾದ ನಡುಪಟ್ಟಿಯ ಒಳಮೈಗೆ ಅವನ್ನು ಸಾಲಾಗಿ ಅಂಟಿಸಿ, ಮೇಲೊಂದು ಬಟ್ಟೆ ಸುತ್ತಿ, ಬನಿಯನ್ನಿನೊಳಗೆ ಕಟ್ಟಿಕೊಂಡ.

"ಏನ್ ಮೇಸ್ತ್ರಿ, ಇಷ್ಟೊಂದ್ ಸೀಸ ಒಯ್ತೀಯ, ತಿಂತೀಯೇನಪ್ಪಾ?" ಎಂದು ಟೈರ್ ಅಂಗಡಿಯವನು ನಕ್ಕ.

"ಹೂಂ, ಬೆಳಿಗ್ಗೆ ಕಾಫಿ ಜೊತೆ. ನಿಂಗೂ ಎರಡು ಕೊಡ್ಲಾ?" ಎಂದು ಮೇಸ್ತ್ರಿಯೂ ನಕ್ಕ.

ಭಾನುವಾರ ಹೆಂಡತಿ ಬಗ್ಗಿ ನೋಡಿ, "ಅಬ್ಬಾ, ಒಂಚೂರೂ ಇಳಿದಿಲ್ಲ ರೀ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಹಗುರಾಗಿ ಉಸಿರು ಬಿಟ್ಟಳು. ಆ ಉಸಿರು ಕೇಳಿದಾಗ ಮೇಸ್ತ್ರಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಕಟ್ಟಿಕೊಂಡವಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೆಂದು ಅವನು ಅಂದುಕೊಂಡಿರಲಿಲ್ಲ. ಆದರೂ ಮುಂದಿನ ಭಾನುವಾರಕ್ಕೆ ಇನ್ನೊಂದು ಸಾಲು ಬಿಲ್ಲೆ ಅಂಟಿಸಿದ. ಮೈ ಇಳಿದಷ್ಟು ಸೀಸ ಏರುತ್ತ ಹೋಯಿತು. ಶೆಡ್ಡಿನಲ್ಲೂ ಅದು ಕೆಲಸಕ್ಕೆ ಬಂತು. ಕಂಬಿಗೆ ಜೋತುಬಿದ್ದಾಗ ಗಾಡಿ ಹಿಂದಿನಷ್ಟೇ ವಾಲುತ್ತಿತ್ತು. ಗಿರಾಕಿಗೆ ಮೋಸವೇನೂ ಇಲ್ಲ. ಮಾಂಸದ ತೂಕವಾದರೇನು, ಸೀಸದ ತೂಕವಾದರೇನು, ಕಂಬಿಗೆ ಎರಡೂ ಒಂದೇ. ಮೋಸ ಇದ್ದದ್ದು ಮನೆಯಲ್ಲಿ.

ಟೆಂಟು ಬಂದ ಮೇಲೆ ಒಂದು ಬೆಳಿಗ್ಗೆ ಮಗಳೂ ಅಳಿಯನೂ ಪಿಕಪ್ಪನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಅಳಿಯ ಟೈಲರು. ಕೊರಳಲ್ಲಿ ಅಳತೆಪಟ್ಟಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವವನಲ್ಲ. ಒಳ್ಳೆಯ ಹುಡುಗ, ಆದರೆ ಯಾರನ್ನು ನೋಡಿದರೂ ಮೊದಲು ಅವನ ಕಣ್ಣು ಹೋಗುವುದು ಹೆಗಲ ಹೊಲಿಗೆಗೆ. ಆ ಕಣ್ಣಿಗೆ ಹೆದರಿಯೇ ಮೇಸ್ತ್ರಿ ಸೆಖೆಯಲ್ಲೂ ದಪ್ಪ ಅಂಗಿ ತೊಟ್ಟಿದ್ದ.

"ಮಾವ, ನಿಮ್ಮ ಷರ್ಟು ಹೆಗಲಲ್ಲಿ ಇಳಿದು ಹೋಗಿದ್ಯಲ್ಲ?"

"ಒಗೆದು ಒಗೆದು ಹಿಗ್ಗಿದೆ."

"ಕಾಟನ್ ಒಗೆದ್ರೆ ಕುಗ್ಗುತ್ತೆ ಮಾವ, ಹಿಗ್ಗಲ್ಲ."

"ಅಳಿಯಂದ್ರೇ, ನಿಮ್ಮ ಕಾಟನ್ ನಿಮ್ಮ ಹತ್ರ ಇಟ್ಕೊಳ್ಳಿ, ನನ್ನ ಕಬ್ಬಿಣ ನನಗೆ ಬಿಡಿ," ಎಂದು ಮೇಸ್ತ್ರಿ ಗದರಿದ. ಮಗಳು ಬಿದ್ದು ಬಿದ್ದು ನಕ್ಕಳು. ಮೇಸ್ತ್ರಿ ಬೇಗ ಗಾಡಿಯ ಆಚೆ ಬದಿಗೆ ಸರಿದ.

ಟೆಂಟು ದೊಡ್ಡದು. ಒಂದು ಕಂಬಿ ಕ್ಯಾಬಿನ್ನಿನ ಮೇಲೆ, ಇನ್ನೊಂದು ಕಂಬಿ ಸಾಮಾನು ತುಂಬುವ ಹಿಂದಿನ ತೊಟ್ಟಿಯ ಮೇಲೆ ಹಾಕಿಸಿದರೆ ಚಾಚಿಕೊಂಡು ಮಲಗಬಹುದು ಎಂದು ಅಳಿಯ ಲೆಕ್ಕ ಹಾಕಿಕೊಂಡು ಬಂದಿದ್ದ. ಮೇಸ್ತ್ರಿ ಸೊಪ್ಪು ಹಾಕಲಿಲ್ಲ. ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ. ಒಂದೇ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಕೂತಿದ್ದರೂ ಎರಡರ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಹೊಸ ಫಿಟ್ಟರುಗಳೆಲ್ಲ ಎಡವುವುದು ಅಲ್ಲೇ. ಅವನು ಬಾಯಲ್ಲಿ ವಿವರಿಸಲು ಹೋಗದೆ, ಅಳಿಯನ ಬೆರಳನ್ನು ಆ ಸಂದಿಯಲ್ಲಿ ಇಡಿಸಿ, ಹಿಂದಿನ ಒಂದು ಚಕ್ರದ ಕೆಳಗೆ ಜಾಕಿ ಕೊಟ್ಟು ಮೆಲ್ಲಗೆ ಎತ್ತತೊಡಗಿದ. ಸಂದು ಒಂದು ಕಡೆ ಕಿರಿದಾಗುತ್ತ ಬಂತು. "ಬೆರಳು ಬೇಕಿದ್ರೆ ತೆಗೀರಿ ಈಗ," ಎಂದ.

ಅಳಿಯ ಬೆರಳು ಕಿತ್ತುಕೊಂಡು ಒಂದು ಕ್ಷಣ ಸಂದಿಯನ್ನೇ ನೋಡಿದ. ಆಮೇಲೆ ಅವನ ಮುಖ ಅರಳಿತು. "ಗೊತ್ತಾಯ್ತು ಮಾವ! ಷರ್ಟಿಗೂ ಪ್ಯಾಂಟಿಗೂ ಸೇರಿಸಿ ಹೊಲಿಗೆ ಹಾಕಿದ ಹಾಗೆ. ನಿಂತಾಗ ಚೆನ್ನಾಗಿ ಕಾಣುತ್ತೆ, ಬಗ್ಗಿದ್ರೆ ಪರ್‌ ಅಂತ ಹರಿಯುತ್ತೆ!" ಮೇಸ್ತ್ರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಇಷ್ಟು ವರ್ಷ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಕಂಬಿಗಳೆರಡೂ ತೊಟ್ಟಿಯ ಮೇಲೇ, ಎತ್ತರದ ಕಾಲಿನ ಮೇಲೆ, ಎಂದು ತೀರ್ಮಾನವಾಯಿತು.

ಕೆಲಸ ಶುರುವಾಯಿತು. ತೊಟ್ಟಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ, ಮತ್ತೆ ಒರೆಸಿದ. ರಬ್ಬರ್ ಪ್ಯಾಡಿನ ಕೆಳಗೆ ಒಂದು ಮರಳಿನ ಕಾಳು ಉಳಿದರೂ ದಾರಿಯುದ್ದಕ್ಕೂ ಬಣ್ಣ ಕೆರೆದು ತುಕ್ಕಿಗೆ ಬಾಗಿಲು ತೆರೆಯುತ್ತದೆ. ಕಾಲುಗಳನ್ನು ಕೂರಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡೂ ಓರೆ ಅಳತೆಗಳು ಸಮ ಬರುವ ತನಕ ಸರಿಸಿದ. ಆಮೇಲೆ ಬೋಲ್ಟು. ಒಂದನ್ನೇ ಪೂರ್ತಿ ಬಿಗಿಯುವಂತಿಲ್ಲ. ಈ ಮೂಲೆ ಸ್ವಲ್ಪ, ಎದುರು ಮೂಲೆ ಸ್ವಲ್ಪ, ಸುತ್ತಿ ಸುತ್ತಿ ಬರಬೇಕು. ಹಿಂದೆಲ್ಲ ಇದು ಅವನಿಗೆ ಹಾಡು ಗುನುಗುತ್ತ ಮಾಡುವ ಕೆಲಸ. ಇವತ್ತು ಬೋಲ್ಟು ತಿರುಗಿಸುವ ಪಾನಾ ಎರಡು ಸಲ ಕೈಯಿಂದ ಜಾರಿತು. ಮೇಲುಸಿರು ಬಂದಾಗ ವಾಷರ್ ಹುಡುಕುವವನಂತೆ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ವಾಷರ್ ಅಂಗಿ ಜೇಬಿನಲ್ಲೇ ಇತ್ತು.

"ಸುಸ್ತಾಯ್ತಾಪ್ಪ?"

"ಸುಸ್ತೂ ಇಲ್ಲ, ಗಿಸ್ತೂ ಇಲ್ಲ. ನಿನ್ನ ಗಾಡಿ ಅಂತ ಎರಡೆರಡು ಸಲ ನೋಡ್ತಿದ್ದೀನಿ ಕಣೇ."

ಮಧ್ಯಾಹ್ನದ ಹೊತ್ತಿಗೆ ಮೂವರೂ ಸೇರಿ ಟೆಂಟಿನ ಪೆಟ್ಟಿಗೆಯನ್ನು ಎತ್ತಿ ಕಂಬಿಗಳ ಮೇಲೆ ಕೂರಿಸಿ ಬಿಗಿದರು. ಉಳಿದದ್ದು ಜೋಕಾಲಿ. "ಬೇಡ ಬಿಡಪ್ಪ, ನೀನು ಬಿಗಿದಿದ್ದು ಸಡಿಲ ಆಗುತ್ತಾ?" ಎಂದಳು ಮಗಳು. ಊರವರಿಗೆಲ್ಲ ಜೋತುಬಿದ್ದವನು ತನ್ನ ಮಗಳ ಗಾಡಿಗೆ ಬಿಡುತ್ತಾನೆಯೇ? ಕಂಬಿಯ ತುದಿ ಹಿಡಿದ. ಮೊಣಕಾಲು ಮಡಚಿದ. ಪಿಕಪ್ ಕಿರ್‌ ಎಂದು ವಾಲಿತು. ಮಗಳು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೇ ಚಪ್ಪಾಳೆ ತಟ್ಟಿದಳು.

ಇನ್ನು ಒಂದೇ ಒಂದು ಸಲ ತೂಗಿದರೆ ಮುಗಿಯಿತು ಎಂದು ಮೇಸ್ತ್ರಿ ಹಲ್ಲು ಕಚ್ಚಿದ. ಆದರೆ ಒಂದು ಲೆಕ್ಕ ಅವನಿಗೆ ತಪ್ಪಿಹೋಗಿತ್ತು. ಸೀಸ ತೂಕವನ್ನು ವಾಪಸು ತಂದಿತ್ತು, ಆ ತೂಕ ಹೊರುವ ತೋಳನ್ನು ತಂದಿರಲಿಲ್ಲ. ಹೆಗಲು ನಡುಗಿತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. "ಅಪ್ಪಾ!" ಎಂದು ಕೂಗಿ ಮಗಳು ಹಾರಿ ಬಂದು ಅವನ ನಡು ಬಳಸಿ ಹಿಡಿದುಕೊಂಡಳು. ಇಬ್ಬರೂ ತೂರಾಡಿ ಗಾಡಿಗೆ ಒರಗಿ ನಿಂತರು.

"ಬಾರ್ ಗಟ್ಟಿ ಇದೆ ಕಣೇ. ಕೈ ಜಾರಿತು, ಬಾರ್ ಗಟ್ಟಿ ಇದೆ," ಎಂದು ಅವನು ಏದುಸಿರಿನಲ್ಲೇ ಹೇಳಿದ.

ಅವಳಿಗೆ ಅದು ಕೇಳಿಸಲಿಲ್ಲ. ಅವಳ ಅಂಗೈಗೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು. ಅಂಗಿ ಎತ್ತಿ ನೋಡಿದಳು. ಪಟ್ಟಿಯ ಕೊಂಡಿ ಬಿಚ್ಚಿದಳು. ಪಟ್ಟಿ ಧೊಪ್ಪೆಂದು ನೆಲಕ್ಕೆ ಬಿತ್ತು. ಬಟ್ಟೆ ಸರಿದು ಸೀಸದ ಬಿಲ್ಲೆಗಳು ಕಂಡವು. ದಿನವೂ ಹೂಕುಂಡ ಎತ್ತಿ ಇಳಿಸುವ ಕೈ ಅವಳದು. ಅವಳು ಅಪ್ಪನನ್ನು ಮತ್ತೊಮ್ಮೆ ಬಳಸಿ, ನೆಲದಿಂದ ಒಂಚೂರು ಎತ್ತಿ, ಮೆಲ್ಲಗೆ ಇಳಿಸಿದಳು. ಎತ್ತಿದ ಕೈಗೆ ಎಲ್ಲವೂ ತಿಳಿದುಹೋಯಿತು.

"ಯಾವಾಗಿಂದ?" ಎಂದಳು. ಧ್ವನಿ ಅವಳದೇ ಅನಿಸಲಿಲ್ಲ.

"ಈಚೆಗೆ... ಸ್ವಲ್ಪ ದಿನ."

"ಅಮ್ಮಂಗೆ?"

"ಗೊತ್ತಿಲ್ಲ. ಹೇಳ್ಬೇಡ ಮಗಳೇ. ನೀವು ಹೊರಟುಬಿಡಿ. ನೀವು ಹೋದ ಮಾರನೇ ದಿನವೇ ಡಾಕ್ಟರ ಹತ್ರ ಹೋಗ್ತೀನಿ, ನಿನ್ನಾಣೆ. ಹೋದ ಸಲ ನೀನು ಆ ಬೆಂಚಲ್ಲಿ..."

"ನಾನು ಕೇಳಿದ್ನಾ ನಿನ್ನನ್ನ? ಟ್ರಿಪ್ಪು ಬೇಕು, ಅಪ್ಪ ಬೇಡ ಅಂತ ನಾನು ಯಾವತ್ತಾದ್ರೂ ಅಂದ್ನಾ? ದಾರಿ ಮಧ್ಯ ಎಲ್ಲೋ ಟೆಂಟಲ್ಲಿ ನಗ್ತಾ ಕೂತಿರ್ತಿದ್ದೆ, ಆಗ ಫೋನ್ ಬಂದಿದ್ರೆ? ಆಮೇಲೆ ಜೀವಮಾನ ಪೂರ್ತಿ ನಾನು ಹೇಗೆ ನಿದ್ದೆ ಮಾಡ್ತಿದ್ದೆ, ಅದನ್ನ ಯೋಚನೆ ಮಾಡಿದ್ಯಾ?" ಅವಳು ಕೂಗಾಡಿದಳು. ಟೈರ್ ಅಂಗಡಿಯವನು ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಕೂಗಿ ಕೂಗಿ ಸಾಕಾಗಿ ಅವಳು ಅತ್ತಳು. ಮೇಸ್ತ್ರಿಯೂ ಅತ್ತ. "ನಂಗೆ ಭಯ ಆಗ್ತಿದೆ ಕಣಮ್ಮ," ಎಂದ. ಇಷ್ಟು ದಿನ ಯಾರಿಗೂ ಹೇಳದ ಮಾತು ಅದು, ತನಗೂ ಹೇಳಿಕೊಳ್ಳದ್ದು.

ಅಳಿಯ ಗಾಡಿಯ ಬಾಗಿಲು ತೆರೆದು, "ಹತ್ತಿ ಮಾವ," ಎಂದ. ಆಗಲೂ ಈ ಮನುಷ್ಯ ಪಟ್ಟು ಬಿಡಲಿಲ್ಲ ನೋಡಿ. ಕೆಲಸ ಅರ್ಧಕ್ಕೆ ಬಿಟ್ಟು ಗಾಡಿ ಶೆಡ್ಡಿನಿಂದ ಕದಲುವ ಹಾಗಿಲ್ಲ ಎಂದ. ಜಗಳ ಆಡಿ ಪ್ರಯೋಜನವಿಲ್ಲವೆಂದು ಮಗಳಿಗೆ ಗೊತ್ತಿತ್ತು. ಕಣ್ಣೊರೆಸಿಕೊಂಡು ಅವಳೇ ಕಂಬಿಗೆ ಜೋತುಬಿದ್ದಳು. ಇನ್ನೊಂದು ತುದಿಗೆ ಅಳಿಯ ನೇತಾಡಿದ, ಕೊರಳ ಅಳತೆಪಟ್ಟಿ ಸಮೇತ. ಮೇಸ್ತ್ರಿ ನಾಲ್ಕು ಕಾಲುಗಳ ಮೇಲೂ ಸರದಿಯಂತೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನೋಡಿದ. ಎಲ್ಲೂ ಮಿಸುಕಾಟವಿಲ್ಲ. "ಸಾಕು, ಇಳೀರಿ," ಎಂದು ಹೇಳಿ ತಾನೇ ಹೋಗಿ ಸೀಟಿನಲ್ಲಿ ಕೂತ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಮರುದಿನ ಹೇಳಿದರು: ಕಾಯಿಲೆ ಮರಳಿದೆ. "ಮುಂಚೆ ಬಂದಿದ್ರೆ ಇನ್ನೂ ಚೆನ್ನಾಗಿತ್ತು. ಆದ್ರೆ ಕೈಮೀರಿಲ್ಲ. ಹೊಸ ಔಷಧಿ ಇದೆ, ಶುರು ಮಾಡೋಣ. ಗ್ಯಾರಂಟಿ ಮಾತ್ರ ಕೊಡಕ್ಕಾಗಲ್ಲ." ಬದುಕಿಡೀ ಗ್ಯಾರಂಟಿ ಕೊಟ್ಟೇ ಉಂಡವನಿಗೆ ಅದು ನುಂಗಲಾಗದ ಮಾತು. ಆದರೂ ತಲೆಯಾಡಿಸಿದ. ಹಾಸಿಗೆ ಕೊಟ್ಟರು, ಕೈಗೆ ಸೂಜಿ ಚುಚ್ಚಿದರು.

ಹೆಂಡತಿ ಬಂದು ಹಾಸಿಗೆಯ ಪಕ್ಕ ನಿಂತು ಒಂದೇ ಪ್ರಶ್ನೆ ಕೇಳಿದಳು. "ಭಾನುವಾರ ಭಾನುವಾರ ಬಗ್ಗಿ ನೋಡಿ ನಾನು ಸಂತೋಷಪಟ್ಟಿದ್ದು ಸೀಸ ನೋಡೀನಾ?" ಅವನು ಬಾಯಿ ತೆರೆಯುವುದರೊಳಗೆ ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ದಿನವಿಡೀ ಮಾತಿಲ್ಲ. ಗಂಜಿ ಕುಡಿಸುತ್ತಾಳೆ, ಮೈ ಒರೆಸುತ್ತಾಳೆ, ಹೊದಿಕೆ ಸರಿಮಾಡುತ್ತಾಳೆ, ಒಂದು ಅಕ್ಷರ ಆಡುವುದಿಲ್ಲ. "ಬೈದುಬಿಡೇ ಮಾರಾಯ್ತಿ," ಎಂದು ಅವನು ಅಂಗಲಾಚಿದರೂ ಬಾಯಿಗೆ ಬೀಗ. ಔಷಧಿಯ ಉರಿಗಿಂತ ಅದೇ ಅವನನ್ನು ಹೆಚ್ಚು ಸುಟ್ಟಿತು.

ಅವತ್ತು ಸಂಜೆ ಭೇಟಿಯ ಹೊತ್ತು ಮುಗಿದ ಗಂಟೆ ಬಾರಿಸಿತು. ಆ ವಾರ್ಡಿನಲ್ಲಿ ರೋಗಿಯ ಜೊತೆ ಯಾರನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಮೂವರೂ ಹೊರಟರು. ಮನೆಗೆ ಹೋಗಿ ಮಲಗುತ್ತಾರೆ, ಸದ್ಯ, ಎಂದುಕೊಂಡು ಮೇಸ್ತ್ರಿ ಕಿಟಕಿಯ ಕಡೆ ಹೊರಳಿದ. ಕೆಳಗೆ ಆಸ್ಪತ್ರೆಯ ಹಿಂದಿನ ಅಂಗಳ, ಗಾಡಿ ನಿಲ್ಲಿಸುವ ಜಾಗ. ಗೋಡೆಯ ಪಕ್ಕ ಮಗಳ ಪಿಕಪ್ ನಿಂತಿತ್ತು. ಅವಳು ಹೊರಡಲಿಲ್ಲ. ತೊಟ್ಟಿ ಹತ್ತಿ ಟೆಂಟಿನ ಪಟ್ಟಿ ಬಿಚ್ಚತೊಡಗಿದಳು. ಅಳಿಯ ಇನ್ನೊಂದು ಕಡೆಯಿಂದ ಎಳೆದ. ಟೆಂಟು ಎದ್ದು ನಿಂತಿತು.

ವಾಚ್‌ಮನ್ ಕೋಲು ಆಡಿಸುತ್ತ ಓಡಿ ಬಂದ. "ಏನ್ರಮ್ಮಾ ಇದು, ಆಸ್ಪತ್ರೆನೋ ಪಿಕ್ನಿಕ್ ಜಾಗಾನೋ?" ಎಂದದ್ದು ಮೇಲಿನವರೆಗೂ ಕೇಳಿಸಿತು. ಮಗಳು ಏನೋ ಹೇಳಿದಳು, ಮೇಲಿನ ಕಿಟಕಿಯತ್ತ ಕೈ ತೋರಿಸಿದಳು. ವಾಚ್‌ಮನ್ ತಲೆ ಎತ್ತಿ ನೋಡಿದ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಟೆಂಟಿನಿಂದ ಇಳಿಬಿಟ್ಟ ಏಣಿ ಅಲುಗದ ಹಾಗೆ ತಾನೇ ಒಂದು ಕೈಯಲ್ಲಿ ಹಿಡಿದುಕೊಂಡ.

ಆ ಏಣಿ ಹತ್ತಿದವಳು ಮೇಸ್ತ್ರಿಯ ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮೆಟ್ಟಿಲಿಗೆ ನಿಂತು ಸುಧಾರಿಸಿಕೊಳ್ಳುತ್ತ, ಮಗಳು ಮೇಲಿನಿಂದ ಕೈ ಕೊಡುತ್ತಿರಲು, ಹತ್ತಿಯೇ ಹತ್ತಿದಳು. ಆಮೇಲೆ ಅಳಿಯನೂ ಹತ್ತಿದ. ಟೆಂಟಿನೊಳಗೆ ದೀಪ ಹೊತ್ತಿತು. ದೂರದ ಊರುಗಳನ್ನೆಲ್ಲ ನೋಡಬೇಕಿದ್ದ ಗಾಡಿ ಆಸ್ಪತ್ರೆಯ ಗೋಡೆಯ ಪಕ್ಕವೇ ಬೀಡುಬಿಟ್ಟಿತ್ತು. ಮೇಸ್ತ್ರಿಗೆ ಮೊದಲು ಬಂದದ್ದು ದುಃಖವಲ್ಲ, ದಿಗಿಲು. ಮೂವರ ಭಾರ! ಎಡಗಡೆ ಹಿಂದಿನ ಕಾಲಿನ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿಯಬೇಕಿತ್ತೇ? ಸೂಜಿ ಚುಚ್ಚಿದ ಕೈಯನ್ನು ಕಿಟಕಿಯ ಸರಳಿಗೆ ಆನಿಸಿ, ಆ ಬೆಳಕನ್ನೇ ದಿಟ್ಟಿಸುತ್ತ ಕೂತ.

ದಿಂಬಿನ ಪಕ್ಕ ಫೋನು ಹೊಡೆದುಕೊಂಡಿತು. ಎತ್ತಿದ. ಹೆಂಡತಿಯ ಧ್ವನಿ.

"ಒಂಚೂರೂ ಅಲುಗಾಡ್ತಿಲ್ಲ ಕಣ್ರೀ. ಕಿಟಕಿಯಿಂದ ಈಚೆ ಬಂದು ಮಲಗಿ."